ನಲವತ್ತರ ನಂತರ ನೆಲಕ್ಕಿಳಿದವರು: ನೆಲಮಂಗಲದಿಂದ ದೇವನಹಳ್ಳಿಗೆ ಒಂದು ಬ್ರೇಕಿಂಗ್ ಸುತ್ತು

ಬೆಂಗಳೂರಿನ ಮೆಟ್ರೊ ಹಸಿರು ಮಾರ್ಗ ಮಾದಾವರದಲ್ಲಿ ಮುಗಿಯುತ್ತದೆ. 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಇಲ್ಲಿಯವರೆಗೆ ರೈಲು ಬಂತು. ಅಲ್ಲಿಂದಾಚೆ ಬಸ್ಸೇ ಗತಿ. ಇಳಿದವರು ತುಮಕೂರು ರಸ್ತೆಯ ಬದಿಗೆ ಬಂದು ನಿಲ್ಲುತ್ತಾರೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಅವರ ನಡುವೆ ಒಂದಿಬ್ಬರ ಚೀಲದಿಂದ ಮಂಡಿಗೆ ಕಟ್ಟುವ ಪ್ಯಾಡ್ ಹೊರಗೆ ಇಣುಕುತ್ತಿದ್ದರೆ ಅವರೂ ನನ್ನ ಹಾಗೆಯೇ ನೆಲಮಂಗಲದ ಡಾನ್ಸ್ ಕ್ಲಾಸಿಗೆ ಹೊರಟವರು ಎಂದು ತಿಳಿಯಬಹುದು.

ನೆಲಮಂಗಲ ಕವಲಿನ ಊರು. ಪುಣೆಯ ಕಡೆಗೆ ಹೋಗುವ ಹೆದ್ದಾರಿ ನೇರವಾಗಿ ಮುಂದಕ್ಕೆ ಹೋದರೆ, ಹಾಸನ–ಮಂಗಳೂರಿನ ದಾರಿ ಇಲ್ಲಿಂದ ಎಡಕ್ಕೆ ಒಡೆಯುತ್ತದೆ. ಹಗಲಿರುಳೂ ಲಾರಿ, ಬಸ್ಸು, ಗೋದಾಮಿಗೆ ಸರಕು ತರುವ ಕಂಟೇನರು. ಪೇಟೆ ಬೀದಿಗೆ ಇಳಿದರೆ ಮಾತ್ರ ಹಳೆಯ ತಾಲ್ಲೂಕು ಕೇಂದ್ರದ ಮುಖ ಕಾಣಿಸುತ್ತದೆ: ಬಟ್ಟೆ ಅಂಗಡಿ, ಗೊಬ್ಬರದ ಅಂಗಡಿ, ಬಾಂಡ್ಲಿ ಇಟ್ಟು ಬೋಂಡ ಕರಿಯುವ ಗಾಡಿ. ತಲೆ ಎತ್ತಿದರೆ ಮೊದಲ ಮಹಡಿಗಳ ತುಂಬ ಫ್ಲೆಕ್ಸ್. ಟ್ಯೂಷನ್, ಜಿಮ್, ಬ್ಯೂಟಿ ಪಾರ್ಲರ್. ಅವುಗಳ ಸಾಲಿನಲ್ಲೇ ಭರತನಾಟ್ಯ, ವೆಸ್ಟರ್ನ್, ಜುಂಬಾ, ಹಿಪ್ ಹಾಪ್. ಒಂದೇ ಕೋಣೆ, ಒಂದೇ ಕನ್ನಡಿ, ಗಂಟೆಗೊಂದು ನೃತ್ಯ.

ಸಂಜೆ ಐದಕ್ಕೆ ಅಲ್ಲಿ ಮಕ್ಕಳ ಗದ್ದಲ. ಗೇಟಿನ ಹೊರಗೆ ಸ್ಕೂಟರ್ ಮೇಲೆ ಕುಳಿತು ಕಾಯುವ ಅಪ್ಪ ಅಮ್ಮಂದಿರು. ಏಳರ ನಂತರ ಮಕ್ಕಳು ಇಳಿದು ಹೋಗುತ್ತಾರೆ, ದೊಡ್ಡವರು ಮೆಟ್ಟಿಲು ಹತ್ತುತ್ತಾರೆ. ಕಾರ್ಖಾನೆಯ ಶಿಫ್ಟ್ ಮುಗಿಸಿದವರು, ಶಾಲೆಯಲ್ಲಿ ಪಾಠ ಹೇಳಿ ಬಂದವರು, ಮಗಳನ್ನು ಕರೆದೊಯ್ಯಲು ಬಂದು ತಾವೇ ಸೇರಿಕೊಂಡವರು. ಕಲಿಸುವ ಹುಡುಗನಿಗೆ ನಮ್ಮ ಅರ್ಧ ವಯಸ್ಸು. ಕೆಲವರಿಗೆ ಅವನು ‘ಮಾಸ್ಟ್ರು’, ಅವನಿಗೆ ನಾವು ‘ಅಂಕಲ್’, ‘ಆಂಟಿ’. “ಅಂಕಲ್, ಸೊಂಟ ಮೇಲೆ” ಎಂಬ ಅಪ್ಪಣೆ ದಿನಕ್ಕೆಷ್ಟು ಸಲ ಬೀಳುತ್ತದೆ ಎಂಬುದನ್ನು ಯಾರೂ ಎಣಿಸುವುದಿಲ್ಲ.

ಮಹಡಿಯ ಮೇಲೆ ನಡೆಯುವುದೇನು

ನಾವು ಇಲ್ಲಿ ಕಲಿಯುವ ಹಿಪ್ ಹಾಪ್ ನೃತ್ಯದ ಹೆಸರು ಬ್ರೇಕಿಂಗ್. ಟಿ.ವಿ.ಯಲ್ಲಿ ಅದನ್ನು ನೋಡಿದವರಿಗೆ ನೆನಪಿರುವುದು ತಲೆಯ ಮೇಲೆ ಗಿರಗಿರನೆ ತಿರುಗುವ ಹುಡುಗ. ತರಗತಿಯಲ್ಲಿ ಆ ತಿರುಗಾಟಕ್ಕೆ ತೀರಾ ಕೊನೆಯ ಜಾಗ. ಮೊದಲು ಟಾಪ್‌ರಾಕ್: ನಿಂತೇ ಹಾಕುವ ಹೆಜ್ಜೆ, ಒಂದು ಕಾಲು ಮುಂದೆ ದಾಟಿಸಿ ಹಿಂದಕ್ಕೆ ತರುವುದು, ಜೊತೆಗೆ ತೋಳು ತೆರೆದು ಮುಚ್ಚುವುದು. ನಂತರ ಗೋ ಡೌನ್, ಅಂದರೆ ತಾಳ ತಪ್ಪದಂತೆ ನೆಲ ಮುಟ್ಟುವ ಬಗೆ. ಆಮೇಲೆ ಫುಟ್‌ವರ್ಕ್. ಅದರ ಅಕ್ಷರಾಭ್ಯಾಸವೇ ಸಿಕ್ಸ್ ಸ್ಟೆಪ್. ಕೈ ಗಾಣದ ಕಂಬವಾದರೆ ಕಾಲು ಎತ್ತು; ಕುಕ್ಕರುಗಾಲಿನಲ್ಲಿದ್ದು ಆರು ಎಣಿಕೆಯಲ್ಲಿ ಒಂದು ಸುತ್ತು ಬಂದು ಹೊರಟಲ್ಲಿಗೇ ತಲುಪಬೇಕು. ಕಾಲು ಬಂದ ಕಡೆ ಕೈ ಎತ್ತಿ ದಾರಿ ಬಿಡಬೇಕು, ಕಾಲು ದಾಟಿದೊಡನೆ ಮತ್ತೆ ಊರಬೇಕು. ಬರೆದು ತೋರಿಸಿದರೆ ಸುಲಭ. ಭಾರವೆಲ್ಲ ಮಣಿಕಟ್ಟಿನ ಮೇಲೆ ಬಿದ್ದಾಗ ಆರು ಎಣಿಕೆ ಅರವತ್ತರ ಹಾಗೆ ಕಾಣುತ್ತದೆ.

ಫ್ರೀಜ್ ಎಂದರೆ ಕುಣಿತದ ಮಧ್ಯೆ ಸಂಗೀತದ ಒಂದು ಪೆಟ್ಟಿಗೆ ಸರಿಯಾಗಿ ದೇಹವನ್ನು ಹಾಗೇ ನಿಲ್ಲಿಸುವುದು. ದೊಡ್ಡವರಿಗೆ ಮೊದಲು ಸಿಗುವುದು ಬೇಬಿ ಫ್ರೀಜ್: ಒಂದು ಮೊಣಕೈಯನ್ನು ಸೊಂಟದ ಪಕ್ಕಕ್ಕೆ ಒತ್ತಿ, ತಲೆಯ ಬದಿಯನ್ನು ನೆಲಕ್ಕೆ ತಾಗಿಸಿ, ಇನ್ನೊಂದು ಮೊಣಕೈಯ ಮೇಲೆ ಮಂಡಿ ಇಟ್ಟು ನಿಲ್ಲುವುದು. ಕೊನೆಗೆ ಪವರ್ ಮೂವ್‌ಗಳು, ವಿಂಡ್‌ಮಿಲ್, ಫ್ಲೇರ್, ಹೆಡ್‌ಸ್ಪಿನ್. ನಮ್ಮ ಬ್ಯಾಚಿನಲ್ಲಿ ಇವನ್ನು ನೋಡಿ ಚಪ್ಪಾಳೆ ತಟ್ಟುವುದೇ ಪಠ್ಯಕ್ರಮ. ಅದರಲ್ಲಿ ನಷ್ಟವೇನೂ ಇಲ್ಲ. ಡೆನ್ಮಾರ್ಕಿನ ವೈದ್ಯರು 2024ರಲ್ಲಿ ಪ್ರಕಟಿಸಿದ ಒಂದು ವರದಿಯಲ್ಲಿ, ಸುಮಾರು 19 ವರ್ಷ ಹೆಡ್‌ಸ್ಪಿನ್ ಮಾಡಿದ ಒಬ್ಬನ ನೆತ್ತಿಯ ಮೇಲೆ ಬೆಳೆದಿದ್ದ ಗಂಟನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ವಿವರವಿದೆ. ಅಪಾಯಕಾರಿ ಗಂಟಲ್ಲ, ಆದರೆ ಟೋಪಿಯಿಲ್ಲದೆ ಹೊರಗೆ ಹೋಗಲು ಅವನು ಮುಜುಗರಪಡುತ್ತಿದ್ದನಂತೆ.

ವಯಸ್ಕ ವಿದ್ಯಾರ್ಥಿಗೆ ಕಷ್ಟವಾಗುವುದು ತಿರುಗುವುದಲ್ಲ, ನೆಲಕ್ಕಿಳಿದು ಏಳುವುದು. ಊಟದ ಮೇಜು, ಕಮೋಡು, ಬೈಕು, ಕಚೇರಿಯ ಕುರ್ಚಿ ಎಲ್ಲವೂ ಸೇರಿ ನಮ್ಮ ಪೀಳಿಗೆಯ ಮಂಡಿಯನ್ನು ತೊಂಬತ್ತು ಡಿಗ್ರಿಗೇ ನಿಲ್ಲಿಸಿವೆ. ತರಗತಿಯಲ್ಲಿ ಒಂದು ಅಚ್ಚರಿ ಕಾಣುತ್ತದೆ: ಹೊಲದಲ್ಲಿ ಕಳೆ ಕಿತ್ತು, ನೆಲದ ಮೇಲೆ ಕೂತು ಹೂ ಕಟ್ಟಿ ಅಭ್ಯಾಸವಿರುವ ಹಳ್ಳಿಯ ಹೆಂಗಸರು ಈ ಕುಕ್ಕರುಗಾಲಿನ ಪಾಠದಲ್ಲಿ ಐ.ಟಿ. ಕಂಪನಿಯ ಗಂಡಸರಿಗಿಂತ ಎಷ್ಟೋ ಮುಂದೆ ಇರುತ್ತಾರೆ. ಅವರಿಗೆ ತೊಡಕಾಗುವುದು ಮೊದಲ ದಿನ ಚೂಡಿದಾರದ ದುಪಟ್ಟಾ ಎಲ್ಲಿಡುವುದೆಂಬುದು ಮಾತ್ರ.

ಈ ವಯಸ್ಸಿನಲ್ಲಿ ಶುರುಮಾಡಿ ಏನು ಪ್ರಯೋಜನ ಎಂದು ಕೇಳುವವರಿಗೆ ನಮ್ಮ ಮಹಡಿಯಲ್ಲಿ ಒಂದು ಹೆಸರು ಸಿದ್ಧವಾಗಿದೆ: ಅಯುಮಿ ಫುಕುಶಿಮಾ. ಜಪಾನಿನ ಕ್ಯೋಟೊದವರು. ಬ್ರೇಕಿಂಗ್ ಶುರುಮಾಡಿದ್ದು 21ನೇ ವಯಸ್ಸಿನಲ್ಲಿ. ಈ ಕಲೆಯಲ್ಲಿ ಅದು ತಡವೆಂದೇ ಲೆಕ್ಕ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಮೊದಲ ಬಾರಿಗೆ ಪದಕದ ಸ್ಪರ್ಧೆಯಾದಾಗ ಅವರು 41ರ ವಯಸ್ಸಿನಲ್ಲಿ ಕಣಕ್ಕಿಳಿದರು, ಆ ಸ್ಪರ್ಧೆಯ ಅತಿ ಹಿರಿಯರಾಗಿ. ಅದೇ ವೇದಿಕೆಯಲ್ಲಿ ಚಿನ್ನ ಗೆದ್ದದ್ದು ಅವರ ದೇಶದವರೇ ಆದ ಅಮಿ. ಪುರುಷರಲ್ಲಿ ಕೆನಡಾದ ಫಿಲ್ ವಿಝಾರ್ಡ್. ಅಲ್ಲೇ ಆಸ್ಟ್ರೇಲಿಯಾದ ‘ರೇಗನ್’, ವಿಶ್ವವಿದ್ಯಾಲಯದ ಅಧ್ಯಾಪಕಿ ರೇಚಲ್ ಗನ್, 36ರ ವಯಸ್ಸಿನಲ್ಲಿ ಮೂರು ಪಂದ್ಯಗಳಲ್ಲಿ ತೀರ್ಪುಗಾರರ ಒಂದು ಮತವನ್ನೂ ಪಡೆಯದೆ ಜಗತ್ತಿನ ನಗೆಗೆ ಗುರಿಯಾದರು. ನಮ್ಮ ತರಗತಿಯಲ್ಲಿ ಅಯುಮಿಯನ್ನು ಹೊಗಳುತ್ತಾರೆ. ರೇಗನ್ ವಿಡಿಯೊ ಬಂದಾಗ ಮಾತ್ರ ಯಾರೂ ನಗುವುದಿಲ್ಲ. ಕನ್ನಡಿಯ ಮುಂದೆ ಅವರ ಹಾಗೆಯೇ ಕಾಂಗರೂ ಆಗಿ ಕಂಡವರಿಗೆ ಆ ನಗು ಯಾವ ಕಡೆಯಿಂದ ಬರುತ್ತದೆಂದು ಗೊತ್ತು.

ಸೋಲದೇವನಹಳ್ಳಿಯ ಡಾನ್ಸ್ ರಾಜ

ಹಿಪ್ ಹಾಪ್ ಈ ತಾಲ್ಲೂಕಿಗೆ ಮೊನ್ನೆ ಮೊನ್ನೆ ಇನ್‌ಸ್ಟಾಗ್ರಾಮ್ ಹಿಡಿದು ಬಂತು ಎಂದುಕೊಂಡವರು ನೆಲಮಂಗಲದಿಂದ ಸೋಲದೇವನಹಳ್ಳಿಗೆ ಒಮ್ಮೆ ಹೋಗಬೇಕು. ಚಿಕ್ಕಬಾಣಾವರದ ಪಕ್ಕ ರೈಲು ನಿಲ್ದಾಣವಿರುವ ಸೋಲದೇವನಹಳ್ಳಿ ಬೇರೆ. ಇದು ನೆಲಮಂಗಲ ತಾಲ್ಲೂಕಿನ ಹಳ್ಳಿ. ಪಟ್ಟಣ ದಾಟಿದರೆ ರಾಗಿ ಹೊಲ, ಅಡಿಕೆ, ತೆಂಗು, ನಡುನಡುವೆ ಬೇಲಿ ಹಾಕಿದ ಲೇಔಟು. ಊರಿನವರನ್ನು ದಾರಿ ಕೇಳಿದರೆ “ಲೀಲಾವತಮ್ಮನ ತೋಟಕ್ಕಾ?” ಎಂದೇ ಮರುಪ್ರಶ್ನೆ.

ಬೆಳ್ತಂಗಡಿಯ ಕಡೆಯಿಂದ ಬಂದು ನೂರಾರು ಚಿತ್ರಗಳಲ್ಲಿ ನಟಿಸಿದ ಲೀಲಾವತಿ, ತಮ್ಮ ಬದುಕಿನ ಕೊನೆಯ ದಶಕಗಳನ್ನು ಕಳೆದದ್ದು ಇಲ್ಲಿ, ಮಗ ವಿನೋದ್ ರಾಜ್ ಜೊತೆ ಕೃಷಿ ಮಾಡುತ್ತ. ಹಳ್ಳಿಗೆ ಸ್ವಂತ ಹಣದಲ್ಲಿ ಆಸ್ಪತ್ರೆ ಕಟ್ಟಿಸಿಕೊಟ್ಟರು. ದನಕರುಗಳಿಗೂ ಒಂದು ಆಸ್ಪತ್ರೆ ಬೇಕೆಂದು ಕಟ್ಟಿಸಿದ್ದು 2023ರ ನವೆಂಬರ್ ಕೊನೆಯಲ್ಲಿ ಉದ್ಘಾಟನೆಯಾಯಿತು. ಕೆಲವೇ ದಿನಗಳ ನಂತರ, ಡಿಸೆಂಬರ್ 8ರಂದು, ಅವರು ನೆಲಮಂಗಲದಲ್ಲೇ ಕೊನೆಯುಸಿರೆಳೆದರು. ಅಂತ್ಯಕ್ರಿಯೆ ನಡೆದದ್ದು ಈ ತೋಟದಲ್ಲೇ. ಮರುವರ್ಷ ಇಲ್ಲೇ ಸ್ಮಾರಕ ತಲೆ ಎತ್ತಿತು. ನೋಡಲು ಬರುವವರು ಬಹುತೇಕ ಅಮ್ಮನನ್ನು ನೆನೆದು ಬರುವವರು. ನಾನು ಬಂದದ್ದು ಮಗನ ಲೆಕ್ಕದಲ್ಲಿ.

1987ರಲ್ಲಿ ದ್ವಾರಕೀಶ್ ನಿರ್ದೇಶಿಸಿದ ‘ಡಾನ್ಸ್ ರಾಜ ಡಾನ್ಸ್’ ತೆರೆಗೆ ಬಂತು. ನಾಯಕ ವಿನೋದ್ ರಾಜ್. ಕನ್ನಡದಲ್ಲಿ ಹಾಡಿಗೊಂದು ಕುಣಿತ ಎಂಬುದು ಮೊದಲೂ ಇತ್ತು. ಕುಣಿತಕ್ಕಾಗಿಯೇ ಒಂದು ಸಿನಿಮಾ, ಹೆಸರಲ್ಲೂ ಅದೇ, ನಾಯಕನ ಯೋಗ್ಯತೆಯೂ ಅದೇ ಎಂಬುದು ಹೊಸದು. ಆಗಷ್ಟೇ ಅಮೆರಿಕದ ‘ಫ್ಲ್ಯಾಶ್‌ಡಾನ್ಸ್’ (1983), ‘ಬೀಟ್ ಸ್ಟ್ರೀಟ್’ (1984) ಚಿತ್ರಗಳ ವಿಡಿಯೊ ಕ್ಯಾಸೆಟ್ಟುಗಳು ದೇಶದ ದೊಡ್ಡ ನಗರಗಳನ್ನು ಸುತ್ತುತ್ತಿದ್ದವು. ಹಿಂದಿಯಲ್ಲಿ ಜಾವೇದ್ ಜಾಫ್ರಿ 1985ರ ‘ಮೇರಿ ಜಂಗ್’ನಲ್ಲಿ ಮೈ ಮುರಿದು ತೋರಿಸಿದ್ದರು. ಬೆಂಗಳೂರು ಸುತ್ತಲಿನ ಹಳ್ಳಿಗಳಿಗೆ ಆ ಗಾಳಿ ತಲುಪಿದ್ದು ವಿನೋದ್ ರಾಜ್ ಮೂಲಕ. ಟೆಂಟಿನಲ್ಲಿ ಚಿತ್ರ ನೋಡಿ ಬಂದ ಹುಡುಗರು ಶಾಲಾ ವಾರ್ಷಿಕೋತ್ಸವದಲ್ಲಿ ಹಣೆಗೆ ಕರವಸ್ತ್ರ ಕಟ್ಟಿ, ಬೆರಳು ಕತ್ತರಿಸಿದ ಕೈಗವಸು ತೊಟ್ಟು, ಬೆರಳ ತುದಿಯಿಂದ ಭುಜದವರೆಗೆ ಅಲೆ ಹರಿಸಿದರು. ಅದಕ್ಕೆ ಎಲ್ಲರೂ ಕೊಟ್ಟ ಹೆಸರು ಬ್ರೇಕ್ ಡಾನ್ಸ್.

ನಿಜ ಹೇಳಬೇಕೆಂದರೆ ಆ ಅಲೆ, ಆ ಯಂತ್ರಮಾನವನ ನಡಿಗೆ ಬ್ರೇಕಿಂಗ್ ಅಲ್ಲ. ಅವು ಅಮೆರಿಕದ ಪಶ್ಚಿಮ ಕರಾವಳಿಯ ಪಾಪಿಂಗ್ ಕುಟುಂಬದವು. ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಬೂಗಲೂ ಸ್ಯಾಮ್ ಮತ್ತು ಅವನ ಗೆಳೆಯರು ಎಪ್ಪತ್ತರ ದಶಕದ ಕೊನೆಯಲ್ಲಿ ಅದನ್ನು ಬೆಳೆಸಿದರು. ಲಾಸ್ ಏಂಜಲೀಸ್‌ನ ಡಾನ್ ಕ್ಯಾಂಪ್ಬೆಲ್ ಅದಕ್ಕೂ ಮೊದಲೇ ಲಾಕಿಂಗ್ ಹುಟ್ಟುಹಾಕಿದ್ದ. ಬ್ರೇಕಿಂಗ್ ಹುಟ್ಟಿದ್ದು ಎದುರು ಕರಾವಳಿಯ ನ್ಯೂಯಾರ್ಕಿನಲ್ಲಿ. 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್ಬೆಲ್ ಎಂಬ ಹುಡುಗಿ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ಹಣ ಕೂಡಿಸಲು ಪಾರ್ಟಿ ಇಟ್ಟಳು. ಸಂಗೀತ ಹಾಕಿದ್ದು ಜಮೈಕಾದಿಂದ ವಲಸೆ ಬಂದಿದ್ದ ಅವಳ ಅಣ್ಣ, ಡಿ.ಜೆ. ಕೂಲ್ ಹರ್ಕ್. ಹಾಡಿನಲ್ಲಿ ಗಾಯನ ನಿಂತು ಬರೀ ಡ್ರಮ್ಮು ಉಳಿಯುವ ತುಣುಕು ಬಂದಾಗಲೇ ಜನ ಜೋರಾಗಿ ಕುಣಿಯುವುದನ್ನು ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಒಂದರಲ್ಲಿ ಆ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಹಾಕಿ, ಕೆಲವು ಸೆಕೆಂಡುಗಳನ್ನು ನಿಮಿಷಗಳಿಗೆ ಎಳೆಯುವ ಉಪಾಯ ಹೂಡಿದ. ಆ ‘ಬ್ರೇಕ್’ಗೆ ಕುಣಿದವರು ಬಿ–ಬಾಯ್, ಬಿ–ಗರ್ಲ್. ಮಾಧ್ಯಮದವರು ಎಂಬತ್ತರ ದಶಕದಲ್ಲಿ ಎರಡೂ ಕರಾವಳಿಯ ನೃತ್ಯಗಳನ್ನು ಒಂದೇ ಚೀಲಕ್ಕೆ ತುಂಬಿ ಬ್ರೇಕ್ ಡಾನ್ಸ್ ಎಂದು ಮಾರಿದರು. ನಮ್ಮ ಟೆಂಟಿಗೆ ಬಂದದ್ದು ಆ ಚೀಲ.

ಆದ್ದರಿಂದ ಈ ತಾಲ್ಲೂಕಿನ ನಲವತ್ತೈದು ದಾಟಿದವರ ಮೈಯಲ್ಲಿ ಅರ್ಧ ಪಾಠ ಮೊದಲೇ ಇದೆ. ಮಹಡಿಯ ತರಗತಿಯಲ್ಲಿ ಪಾಪಿಂಗ್ ಶುರುವಾದರೆ ಅಂಕಲ್‌ಗಳು ಚಿಗುರುತ್ತಾರೆ. ಕಲಿಸುವವನು ಅಲೆ ಎಲ್ಲಿ ಕಲಿತಿರಿ ಎಂದು ಕೇಳುತ್ತಾನೆ. ಉತ್ತರ ವಿನೋದ್ ರಾಜ್. ಸ್ವಲ್ಪ ಕಿರಿಯರಾದರೆ ಉತ್ತರ ಪ್ರಭುದೇವ. ಅವರೂ ಪರಕೀಯರಲ್ಲ. ತಂದೆ ಮೂಗೂರು ಸುಂದರ್ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಮೂಗೂರಿನವರು, ಸ್ವತಃ ನೃತ್ಯ ನಿರ್ದೇಶಕರು. ಮಗ ಭರತನಾಟ್ಯ ಕಲಿತು, 1994ರ ‘ಕಾದಲನ್’ ಹೊತ್ತಿಗೆ ಮೂಳೆಯಿಲ್ಲದವನೆಂಬ ಬಿರುದು ಹೊತ್ತಿದ್ದ.

ಆ ಅಲೆಯಲ್ಲಿ ಒಂದು ಕೊರತೆಯಿತ್ತು. ಕುಣಿಯುವವನು ತೆರೆಯ ಮೇಲೆ ಅಥವಾ ವೇದಿಕೆಯ ಮೇಲೆ, ಉಳಿದವರು ಕೆಳಗೆ. ಶಾಲೆ ಬಿಟ್ಟ ಮೇಲೆ ಏರಲು ವೇದಿಕೆಯೇ ಇಲ್ಲ. ಮದುವೆಯ ಮೆರವಣಿಗೆ, ಗಣೇಶನ ವಿಸರ್ಜನೆ, ಅಷ್ಟೆ. ಹುಡುಗಿಯರಿಗಂತೂ ಅದೂ ಇರಲಿಲ್ಲ. ಬ್ರೇಕಿಂಗ್ ಎರಡನೆಯ ಸಲ ಬಂದಾಗ, ಅಂದರೆ ಈಗ, ವೇದಿಕೆಯನ್ನು ಬಿಟ್ಟು ಬಂದಿದೆ. ಅದಕ್ಕೆ ಬೇಕಾದದ್ದು ಸುತ್ತ ನಿಂತ ಜನ ಮತ್ತು ನಡುವೆ ಒಂದಿಷ್ಟು ನೆಲ.

ದೊಡ್ಡಬಳ್ಳಾಪುರ: ಲಾಳಿಯ ತಾಳ

ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಗೆ ಬಂದರೆ ಎಡಗಡೆ ಶಿವಗಂಗೆ ಬೆಟ್ಟ ಕಾಣುತ್ತದೆ. ಅಲ್ಲಿಂದ ಸ್ಯಾಟಲೈಟ್ ವರ್ತುಲ ರಸ್ತೆ ಹಿಡಿಯಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಯವರೆಗೆ ಸುಮಾರು 80 ಕಿಲೋಮೀಟರ್, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕೂ ತಾಲ್ಲೂಕನ್ನು ಒಂದೇ ಬಿಲ್ಲಿನಲ್ಲಿ ಸೇರಿಸಿದ ರಸ್ತೆ. 1986ರಲ್ಲಿ ಬೆಂಗಳೂರಿನಿಂದ ಬೇರೆಯಾದ ಈ ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು ಸಚಿವ ಸಂಪುಟ 2025ರ ಜುಲೈನಲ್ಲಿ ತೀರ್ಮಾನಿಸಿದ್ದು, ಊರೆಲ್ಲ ನಗರವಾಗುತ್ತಿರುವ ಈ ಓಟವನ್ನು ನೋಡಿಯೇ. ರಸ್ತೆಯ ಎರಡೂ ಬದಿಗಳು ಅದಕ್ಕೆ ಸಾಕ್ಷಿ ಹೇಳುತ್ತವೆ.

ದೊಡ್ಡಬಳ್ಳಾಪುರದ ನೇಕಾರರ ಬೀದಿಗೆ ಹೋಗುವಾಗ ಕಣ್ಣಿಗಿಂತ ಮೊದಲು ಕಿವಿಗೆ ಊರು ಸಿಗುತ್ತದೆ. ಮನೆಯ ಮುಂಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ಅಡುಗೆ. ಕಿಟಕಿಯಿಂದ ಟಕಟಕ ಟಕಟಕ. ಲಾಳಿಯ ಹಳೆಯ ವಿದ್ಯುತ್ ಮಗ್ಗ ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಹೊಡೆಯುತ್ತದೆ. ಬ್ರೇಕಿಂಗ್‌ಗೆ ಹಾಕುವ ಫಂಕ್ ಸಂಗೀತದ ವೇಗವೂ ಸಾಮಾನ್ಯವಾಗಿ ನಿಮಿಷಕ್ಕೆ ನೂರಾ ಹತ್ತರಿಂದ ಮೇಲಕ್ಕೆ. ಬೀದಿಯ ತಿರುವಿನಲ್ಲಿ ನಿಂತು ಕೇಳಿದರೆ ಒಂದು ಮನೆಯ ಮಗ್ಗ ಇನ್ನೊಂದು ಮನೆಯದನ್ನು ಹಿಂದಿಕ್ಕುತ್ತ, ಕ್ಷಣ ಹೊತ್ತು ಎರಡೂ ಒಂದಾಗಿ, ಮತ್ತೆ ಬೇರೆಯಾಗುತ್ತವೆ. ಹರ್ಕ್ ಒಂದೇ ರೆಕಾರ್ಡಿನ ಎರಡು ಪ್ರತಿಗಳೊಡನೆ ಹೂಡಿದ ಉಪಾಯ ನೆನಪಾಗುತ್ತದೆ. ದಿನವಿಡೀ ಈ ಸದ್ದಿನಲ್ಲೇ ದುಡಿಯುವ ನೇಕಾರನಿಗೆ ಎಂಟರ ಎಣಿಕೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿ ತಾಳ ತಪ್ಪಿತು, ಎಲ್ಲಿ ಎಳೆ ತುಂಡಾಯಿತು ಎಂದು ಅವನ ಕಿವಿ ಮೊದಲು ಹೇಳುತ್ತದೆ.

ತಡವಾಗಿ ಕಲಿಯುವವರ ಬಂಡವಾಳ ಇದೇ. ಹದಿನಾರರ ಹುಡುಗನ ಮೈ ಓಡುತ್ತದೆ, ಕಿವಿ ಹಿಂದೆ ಬೀಳುತ್ತದೆ. ನಲವತ್ತರವರ ಮೈ ನಿಧಾನ, ಆದರೆ ಹಾಡನ್ನು ಕೇಳುವ ತಾಳ್ಮೆಯಿದೆ. ಪ್ಯಾರಿಸ್‌ನಲ್ಲಿ ತೀರ್ಪುಗಾರರು ಅಳೆದದ್ದು ಐದು ಗುಣಗಳನ್ನು: ತಂತ್ರ, ಚಲನೆಗಳ ಸಂಪತ್ತು, ಅಚ್ಚುಕಟ್ಟು, ಸಂಗೀತದೊಡನೆ ಹೊಂದಿಕೆ, ಸ್ವಂತಿಕೆ. ಕೊನೆಯ ಎರಡಕ್ಕೆ ಮಂಡಿಯ ವಯಸ್ಸು ಅಡ್ಡ ಬರುವುದಿಲ್ಲ. ನಮ್ಮ ಮಹಡಿಯಲ್ಲಿ ಅತ್ಯಂತ ಸೊಗಸಾದ ಟಾಪ್‌ರಾಕ್ ಯಾರದ್ದೆಂದರೆ, ಇನ್ನೂ ಕೈ ಊರಿ ಕಾಲೆತ್ತಲು ಬಾರದ ಒಬ್ಬರದ್ದು. ಅವರು ಡ್ರಮ್ಮಿನ ಮಧ್ಯೆ ಬರುವ ಬಿಡುವನ್ನು ಕಾಯುತ್ತಾರೆ. ಬಿಡುವು ಬಂದಾಗ ನಿಲ್ಲುತ್ತಾರೆ. ಅಷ್ಟಕ್ಕೇ ಎಲ್ಲರೂ “ಓ!” ಎನ್ನುತ್ತಾರೆ.

ದೊಡ್ಡಬಳ್ಳಾಪುರದ ಹೊರವಲಯದ ಅಪ್ಯಾರಲ್ ಪಾರ್ಕಿನಲ್ಲಿ ಶಿಫ್ಟ್ ಬಿಟ್ಟಾಗ ಹೊರಬರುವ ಸಾಲಿನಲ್ಲಿ ಹೆಂಗಸರದೇ ದೊಡ್ಡ ಪಾಲು. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಾಗಿದ ಬೆನ್ನು. ಇವರಿಗೆ ಸಂಜೆ ಕುಣಿತದ ತರಗತಿ ಎಂದರೆ ಯಾರೂ ನಂಬುವುದಿಲ್ಲ. ಮನೆಗೆ ಹೋಗಿ ಮುದ್ದೆ ತಿರುವಬೇಕು. ವಯಸ್ಕರ ನೃತ್ಯಾಭ್ಯಾಸದ ದೊಡ್ಡ ಅಡ್ಡಿ ಮಂಡಿನೋವಲ್ಲ, ಸಂಜೆಯ ಆ ಒಂದು ಗಂಟೆ. ಅದನ್ನು ಮನೆಯವರಿಂದ ಕೇಳಿ ಪಡೆದವರು ಮಾತ್ರ ಮಹಡಿಯ ಮೆಟ್ಟಿಲು ಹತ್ತುತ್ತಾರೆ. ಹತ್ತಿದವರು ಕಣ್ಣೆತ್ತಿ ನೋಡಲು ಬೆಂಗಳೂರಿನ ಬಿ–ಗರ್ಲ್ ಜೋ ಇದ್ದಾರೆ. ಪೂರ್ತಿ ಹೆಸರು ಜೊಹಾನಾ ರಾಡ್ರಿಗಸ್. ರೆಡ್ ಬುಲ್ ಬಿ.ಸಿ. ಒನ್ ಸ್ಪರ್ಧೆಯ ಭಾರತದ ಸುತ್ತಿನಲ್ಲಿ ಬಿ–ಗರ್ಲ್ ಪಟ್ಟ ಗೆದ್ದವರು, ಯೋಗವನ್ನೂ ಬ್ರೇಕಿಂಗನ್ನೂ ಜೊತೆಯಲ್ಲಿ ನಡೆಸಿಕೊಂಡು ಬಂದವರು. ಅದೇ ಸ್ಪರ್ಧೆಯ ವಿಶ್ವ ಫೈನಲ್ 2019ರಲ್ಲಿ ಮುಂಬೈಯಲ್ಲಿ ನಡೆದ ಮೇಲೆ ಈ ಕಲೆ ಪತ್ರಿಕೆಗಳ ಕ್ರೀಡಾಪುಟಕ್ಕೂ ಬಂತು.

ದೇವನಹಳ್ಳಿ ಕೋಟೆ: ಯಾರ ವೃತ್ತ?

ದೇವನಹಳ್ಳಿ ಎಂದರೆ ಈಗ ವಿಮಾನ. 2008ರಲ್ಲಿ ನಿಲ್ದಾಣ ಬಂದ ಮೇಲೆ ಚಕ್ಕೋತ ತೋಟಗಳು ಹೋಟೆಲಾದವು. ಕೋಟೆಯೊಳಗೆ ಮಾತ್ರ ಊರು ಇನ್ನೂ ಊರಾಗಿದೆ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆಗೆ ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನ ಮೈ ಬಂತು. 1791ರಲ್ಲಿ ಕಾರ್ನ್‌ವಾಲಿಸನ ಸೇನೆಯ ಕೈಸೇರಿತು. ಟಿಪ್ಪು ಹುಟ್ಟಿದ ಸ್ಥಳದ ಚಿಕ್ಕ ಮಂಟಪ ಕೋಟೆಯ ಸಮೀಪದಲ್ಲೇ. ಬಾಗಿಲು ದಾಟಿ ಒಳಹೊಕ್ಕರೆ ಮನೆ, ಅಂಗಡಿ, ವೇಣುಗೋಪಾಲಸ್ವಾಮಿ ದೇವಸ್ಥಾನ. ಮೆಟ್ಟಿಲು ಹತ್ತಿ ಗೋಡೆಯ ಮೇಲೆ ನಡೆದರೆ ಬುರುಜಿನಿಂದ ಬುರುಜಿಗೆ ಹೋಗಬಹುದು. ಭಾನುವಾರ ಬೆಳಿಗ್ಗೆ ಇಲ್ಲಿ ಹರೆಯದವರ ರೀಲ್ಸ್ ಚಿತ್ರೀಕರಣ ಜೋರು. ಇದು ಸಂರಕ್ಷಿತ ಸ್ಮಾರಕ, ಸ್ಪೀಕರ್ ಹಚ್ಚಿ ಕುಣಿಯುವ ಜಾಗವಲ್ಲ. ಆದರೂ ಬುರುಜಿನ ದುಂಡನೆಯ ನೆತ್ತಿಯ ಮೇಲೆ ನಾಲ್ಕು ಜನ ಸುತ್ತ ನಿಂತರೆ ಸಾಕು, ತಲೆಯೊಳಗೆ ಡ್ರಮ್ಮು ಶುರುವಾಗುತ್ತದೆ.

ಬ್ರೇಕಿಂಗ್‌ನ ಹೃದಯ ಸೈಫರ್, ಅಂದರೆ ಈ ವೃತ್ತ. ಸುತ್ತ ನಿಂತವರು ಚಪ್ಪಾಳೆ ಕೊಡುತ್ತಾರೆ, ಒಬ್ಬರು ಒಳಗೆ ಬಂದು ಅರ್ಧ ನಿಮಿಷ ಕುಣಿದು ಹೊರಗೆ ಹೋಗುತ್ತಾರೆ, ಇನ್ನೊಬ್ಬರು ಬರುತ್ತಾರೆ. ಸರದಿ ಬರೆದಿಟ್ಟವರಿಲ್ಲ. ಜಾನಪದ ಬಲ್ಲವರು ಇದನ್ನು ಕೇಳಿದೊಡನೆ ನಮ್ಮಲ್ಲೂ ಇದೆ ಎನ್ನುತ್ತಾರೆ. ಹೌದು, ಇದೆ. ಈ ಜಿಲ್ಲೆಯ ಜಾತ್ರೆಗಳಲ್ಲಿ ಪೂಜಾ ಕುಣಿತ, ಪಟದ ಕುಣಿತ, ಸೋಮನ ಕುಣಿತ, ವೀರಗಾಸೆ ಎಲ್ಲಕ್ಕೂ ಜನ ಸುತ್ತುಗಟ್ಟುತ್ತಾರೆ. ಬಿದಿರಿನ ಎತ್ತರದ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ತಮಟೆಗೆ ಸರಿಯಾಗಿ ತಿರುಗುವ ಪೂಜಾ ಕುಣಿತದವರಲ್ಲಿ ಐವತ್ತು ದಾಟಿದವರೂ ಇರುತ್ತಾರೆ. ಇಷ್ಟು ವಯಸ್ಸಾದ ಮೇಲೆ ಕುಣಿತವೇ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಕುಣಿತಕ್ಕೆ ವಯಸ್ಸಿದೆ ಎಂಬ ಮಾತು ವಾರ್ಷಿಕೋತ್ಸವ ಮತ್ತು ಟಿ.ವಿ. ಸ್ಪರ್ಧೆಗಳಿಂದ ಬಂದದ್ದು, ಜಾತ್ರೆಗೆ ಅದು ಗೊತ್ತಿಲ್ಲ.

ಆದರೆ ಹೋಲಿಕೆ ಅಲ್ಲಿಗೆ ನಿಲ್ಲಬೇಕು. ಜಾತ್ರೆಯ ವೃತ್ತದೊಳಗೆ ಕಾಲಿಡಲು ಹುಟ್ಟು, ಹರಕೆ, ಪಾಳಿ ಬೇಕು. ಕರಗ ಹೊರುವ ಹಕ್ಕು ವಹ್ನಿಕುಲ ಕ್ಷತ್ರಿಯ ತಿಗಳರದ್ದು, ವ್ರತ ಹಿಡಿದವರದ್ದು. ವೀರಗಾಸೆ ವೀರಶೈವ ಪರಂಪರೆಯದ್ದು. ಬಯಸಿದೆ ಎಂಬ ಕಾರಣಕ್ಕೆ ಹೊರಗಿನವನು ನುಗ್ಗಿದರೆ ಅದು ಅಪಚಾರ. ಆ ಕಟ್ಟಳೆಯಲ್ಲೇ ಆ ಕುಣಿತಗಳ ಘನತೆಯೂ ಇದೆ. ಹೆಣ್ಣಿಗಂತೂ ಆ ವೃತ್ತ ಬಹುಮಟ್ಟಿಗೆ ನೋಡುವುದಕ್ಕೆ ಮಾತ್ರ. ಬ್ರಾಂಕ್ಸ್‌ನ ಬಡ ಮಕ್ಕಳು ಕಟ್ಟಿದ ವೃತ್ತ ಯಾವ ಕುಲವನ್ನೂ ಕೇಳುವುದಿಲ್ಲ. ಕೇಳುವುದು ಒಂದನ್ನೇ: ಇನ್ನೊಬ್ಬರ ಹೆಜ್ಜೆಯನ್ನು ಕದ್ದು ತರಬೇಡ, ನಿನ್ನದನ್ನು ತಾ. ತರಗತಿಯಲ್ಲಿ ಬೇರೆಯವರ ಚಲನೆಯನ್ನು ಹಾಗೆಯೇ ಎತ್ತಿದವರಿಗೆ ಬೈಟರ್ ಎಂಬ ಬೈಗುಳವಿದೆ. ನಲವತ್ತು ವರ್ಷ ಬದುಕಿದವರಿಗೆ ಸ್ವಂತದ್ದು ಏನಾದರೂ ಇದ್ದೇ ಇರುತ್ತದೆ. ಮಗ್ಗದವರ ಕೈ ಎಸೆತ, ರಾಗಿ ಕೇರುವವರ ಮೊಣಕೈ, ಬಸ್ಸಿನ ಕಂಡಕ್ಟರು ಸಮತೋಲ ತಪ್ಪದೆ ನಿಲ್ಲುವ ಬಗೆ, ಇವೆಲ್ಲ ನಮ್ಮ ಮಹಡಿಯಲ್ಲಿ ಟಾಪ್‌ರಾಕ್ ಆಗಿ ಬಂದಿವೆ. ಊರಿನ ಒಂದು ತೆರೆದ ವೃತ್ತ, ಅದರಲ್ಲಿ ಯಾರ ಮನೆಯವರೆಂದು ಕೇಳದೆ ಚಪ್ಪಾಳೆ ಕೊಡುವ ಜನ: ವಯಸ್ಕರು ಈ ಕಷ್ಟದ ನೃತ್ಯಕ್ಕೆ ಬರುವುದು ಇದಕ್ಕಾಗಿ ಎಂದು ನನಗನ್ನಿಸುತ್ತದೆ. ಮೈ ಇಳಿಸುವುದಕ್ಕಾದರೆ ಕೆರೆ ಏರಿಯ ಮೇಲೆ ನಡೆದರೂ ಆದೀತು. ಹೊಸಕೋಟೆಯವರು ದೊಡ್ಡ ಕೆರೆಯ ಏರಿಯ ಮೇಲೆ ಬೆಳಗಾದರೆ ಮಾಡುವುದೂ ಅದನ್ನೇ, ಆಮೇಲೆ ಬಿರಿಯಾನಿಯ ಸಾಲಿನಲ್ಲಿ ನಿಂತು ಲೆಕ್ಕ ಸರಿಮಾಡಿಕೊಳ್ಳುತ್ತಾರೆ.

ಹೋಗುವವರಿಗೆ, ಇಳಿಯುವವರಿಗೆ

ನೆಲಮಂಗಲಕ್ಕೆ ಮಾದಾವರ ಮೆಟ್ರೊದಿಂದ ಬಸ್ಸು ಧಾರಾಳ. ಸೋಲದೇವನಹಳ್ಳಿಯ ಸ್ಮಾರಕ ಕುಟುಂಬದ ತೋಟದಲ್ಲಿದೆ. ಸದ್ದಿಲ್ಲದೆ ನೋಡಿ ಬರಬೇಕಾದ ಜಾಗ. ದೊಡ್ಡಬಳ್ಳಾಪುರಕ್ಕೆ ಯಲಹಂಕದ ಮೇಲೆ ರೈಲಿದೆ. ನೇಕಾರರ ಬೀದಿಗೆ ವಾರದ ದಿನ ಹೋದರೆ ಮಗ್ಗದ ಸದ್ದು ಪೂರ್ತಿ ಸಿಗುತ್ತದೆ. ಒಳಗೆ ಹೋಗುವ ಮುನ್ನ ಮನೆಯವರನ್ನು ಕೇಳಿ. ದೇವನಹಳ್ಳಿ ಕೋಟೆಗೆ ಬಿಸಿಲೇರುವ ಮೊದಲು ಹೋಗುವುದು ಒಳ್ಳೆಯದು.

ಕಲಿಯಲು ಹೊರಟವರು ಮೂರು ವಿಷಯ ನೋಡಿಕೊಳ್ಳಬೇಕು. ಮೊದಲನೆಯದು ನೆಲ. ಬರೀ ಸಿಮೆಂಟು, ಗ್ರಾನೈಟು ಮಂಡಿಗೂ ಮಣಿಕಟ್ಟಿಗೂ ಶತ್ರು. ಮರದ ಹಲಗೆಯೋ ವಿನೈಲ್ ಹಾಸೋ ಇರುವ ಕೋಣೆ ಹುಡುಕಿ. ಎರಡನೆಯದು ಮೈ ಕಾಯಿಸುವುದು. ಮಣಿಕಟ್ಟು, ಭುಜ, ಕತ್ತು, ಸೊಂಟ ಇಷ್ಟಕ್ಕೂ ಸಮಯ ಕೊಡದೆ ನೇರ ಫ್ರೀಜ್ ಹಾಕಿಸುವ ತರಗತಿ ದೊಡ್ಡವರಿಗಲ್ಲ. ರಕ್ತದೊತ್ತಡ, ಕತ್ತಿನ ತೊಂದರೆ, ಹಳೆಯ ಮಂಡಿ ಪೆಟ್ಟು ಇದ್ದವರು ವೈದ್ಯರನ್ನು ಕೇಳಿಯೇ ಹೋಗಬೇಕು. ತಲೆ ಕೆಳಗಾಗುವ ಚಲನೆಗಳನ್ನು ಬಿಟ್ಟರೂ ಬ್ರೇಕಿಂಗ್‌ನಲ್ಲಿ ಬೇಕಾದಷ್ಟು ಉಳಿಯುತ್ತದೆ. ಮೂರನೆಯದು, ವಯಸ್ಕರಿಗೆ ಬೇರೆ ಬ್ಯಾಚ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ನಾಲ್ಕು ಜನ ಸೇರಿಕೊಂಡು ಹೋಗಿ; ನಾಲ್ಕು ಜನರ ಶುಲ್ಕ ಕಂಡರೆ ಬ್ಯಾಚ್ ತಾನೇ ಹುಟ್ಟುತ್ತದೆ. ಮನೆಯಲ್ಲಿ ಸಂಜೆಯ ಒಂದು ಗಂಟೆ ಕೇಳುವ ಕೆಲಸವನ್ನು ಮಾತ್ರ ಪ್ರತಿಯೊಬ್ಬರೂ ತಾವೇ ಮಾಡಬೇಕು. ಸಿಕ್ಸ್ ಸ್ಟೆಪ್‌ಗಿಂತ ಕಠಿಣವಾದ ಹೆಜ್ಜೆ ಅದೊಂದೇ.